ಜಡತೈಲದ ಕಾಯಕಲ್ಪ

ಗಂಗಾವತಿಯ ಅಕ್ಕಿಮೂಟೆಗಳನ್ನು ಹೇರಿಕೊಂಡು ಓಡುವ ಲಾರಿಗಳು, ಕುಷ್ಟಗಿಯ ಮೇಲೆ ಸೊಲ್ಲಾಪುರದ ಹಾದಿ ಹಿಡಿಯುವ ಬಸ್ಸುಗಳು, ಯಲಬುರ್ಗಾದ ಎರೆಹೊಲಗಳಲ್ಲಿ ಗುಡುಗುವ ಟ್ರ್ಯಾಕ್ಟರುಗಳು - ಇವೆಲ್ಲವುಗಳ ಆಹಾರ ಡೀಸೆಲ್. ಆದರೆ ಕನ್ನಡನಾಡಿನಲ್ಲಿ ತೈಲವೂಡುವ ಬಾವಿ ಒಂದೂ ಇಲ್ಲ. ಹಡಗಿನಲ್ಲಿ ಬರುವ ಕಚ್ಚಾತೈಲವನ್ನು ಹದಗೊಳಿಸುವ ನಮ್ಮ ದೊಡ್ಡ ಕಾರ್ಖಾನೆ ಇರುವುದು ಮಂಗಳೂರಿನ ಉತ್ತರಕ್ಕೆ, ಕುತ್ತೆತ್ತೂರಿನ ಬಳಿ. 1988ರಲ್ಲಿ ಸ್ಥಾಪಿತವಾಗಿ 1996ರಲ್ಲಿ ಕೆಲಸಕ್ಕೆ ತೊಡಗಿದ ಈ ಎಂ.ಆರ್.ಪಿ.ಎಲ್. ಸಂಸ್ಥೆ 2003ರಿಂದ ಓ.ಎನ್.ಜಿ.ಸಿ.ಯ ಅಧೀನದಲ್ಲಿದೆ. ಆರಂಭದಲ್ಲಿ ವರ್ಷಕ್ಕೆ 30 ಲಕ್ಷ ಟನ್ನಿದ್ದ ಅದರ ಸಾಮರ್ಥ್ಯ ಈಗ 150 ಲಕ್ಷ ಟನ್ನು.

ಕಚ್ಚಾತೈಲಗಳೆಲ್ಲ ಒಂದೇ ಬಗೆಯವಲ್ಲ. ಕೆಲವು ತಿಳಿ, ಕೆಲವು ಕಾಕಂಬಿಯಂತೆ ಮಂದ. ಮಂದತೈಲದ ಬೆಲೆ ಕಡಿಮೆ, ಉಪದ್ರವ ಹೆಚ್ಚು. ಅದರ ಅಣುಗಳು ಭಾರಿ ಗಾತ್ರದವು. ಇಂಗಾಲ ಅಧಿಕ, ಜಲಜನಕ ಕೊರತೆ. ಜೊತೆಗೆ ಗಂಧಕ, ನಿಕ್ಕಲ್, ವೆನೇಡಿಯಂಗಳ ಕಲಬೆರಕೆ. ಬರಿಯ ಕುದಿಸಿ ಬಟ್ಟಿಯಿಳಿಸಿದರೆ ತಳದಲ್ಲಿ ಡಾಂಬರಿನಂಥ ಶೇಷವೇ ಬಹಳವಾಗಿ ಉಳಿಯುತ್ತದೆ.

ಇಲ್ಲಿಯೇ ಕ್ರಿಯಾವರ್ಧಕದ ಪ್ರವೇಶ. 1835ರಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ಈ ಶಕ್ತಿಗೆ ಹೆಸರಿಟ್ಟನು. ಹಾಲಿಗೆ ಹೆಪ್ಪು ಹಾಕಿದಂತೆ ಎಂದು ಇದನ್ನು ವಿವರಿಸುವವರುಂಟು. ನನಗೆ ಆ ಉಪಮೆ ಒಪ್ಪಿಗೆಯಿಲ್ಲ. ಹೆಪ್ಪು ಹಾಲಿನಲ್ಲಿ ಬೆರೆತು ತಾನೇ ಬೆಳೆಯುತ್ತದೆ. ಕ್ರಿಯಾವರ್ಧಕವಾದರೋ ಮದುವೆ ಕುದುರಿಸುವ ಹಿರಿಯನಂತೆ: ಎರಡು ಮನೆಗಳನ್ನು ಕೂಡಿಸಿ, ತಾನು ಬಂದಂತೆಯೇ ಎದ್ದುಹೋಗಿ, ಮತ್ತೊಂದು ಮನೆಯ ಬಾಗಿಲಲ್ಲಿ ನಿಲ್ಲುತ್ತದೆ.

ಮಂಗಳೂರಿನ ಹೈಡ್ರೊಕ್ರ್ಯಾಕರ್ ಘಟಕಗಳಲ್ಲಿ ನಡೆಯುವುದು ಇಂಥ ಸಂಧಾನವೇ. ಸಾಮಾನ್ಯವಾಗಿ ಈ ವಿಧಾನದಲ್ಲಿ ಸುಮಾರು 400 ಡಿಗ್ರಿ ಸೆಂಟಿಗ್ರೇಡ್ ಶಾಖ, ವಾಯುಮಂಡಲದ ನೂರುಪಟ್ಟು ಮೀರಿದ ಒತ್ತಡ. ಅಲ್ಯುಮಿನ, ಜಿಯೊಲೈಟುಗಳ ಸಣ್ಣ ಸಣ್ಣ ಗುಳಿಗೆಗಳು. ಅವುಗಳ ಸೂಕ್ಷ್ಮರಂಧ್ರಗಳಲ್ಲಿ ನಿಕ್ಕಲ್, ಮಾಲಿಬ್ಡಿನಂ ಅಥವಾ ಟಂಗ್‌ಸ್ಟನ್. ದೊಡ್ಡ ಅಣು ಅಲ್ಲಿ ಸೀಳುತ್ತದೆ. ಸೀಳಿದ ತುದಿಗೆ ಜಲಜನಕ ಬಂದು ಕೂಡುತ್ತದೆ. ಗಂಧಕವು ಜಲಜನಕದೊಡನೆ ಅನಿಲವಾಗಿ ಹೊರಬೀಳುತ್ತದೆ.

ಗುಳಿಗೆಗಳಿಗೂ ಮುಪ್ಪು ತಪ್ಪಿದ್ದಲ್ಲ. ಮಸಿ ಕಟ್ಟಿದರೆ ಸುಟ್ಟು ಶುಚಿಗೊಳಿಸಬಹುದು. ವೆನೇಡಿಯಂ ರಂಧ್ರಗಳಲ್ಲಿ ಮೆತ್ತಿಕೊಂಡರೆ ಮಾತ್ರ ಗುಳಿಗೆಯನ್ನೇ ಬದಲಿಸಬೇಕು. ಆದುದರಿಂದ ತೀರ ಕೀಳಾದ ಶೇಷವನ್ನು ಕ್ರಿಯಾವರ್ಧಕವಿಲ್ಲದೆ, ಶಾಖದಿಂದಲೇ ಒಡೆದು ಹೆಚ್ಚಿನ ಇಂಗಾಲವನ್ನು ಕೋಕ್ ಆಗಿ ತೆಗೆಯುವುದುಂಟು. ಮಂಗಳೂರಿನಲ್ಲಿಯೂ ಇಂಥ ಘಟಕವಿದೆ. ಅದರ ಧೂಳು, ದುರ್ವಾಸನೆಗಳನ್ನು ವಿರೋಧಿಸಿ ನೆರೆಯ ಜೋಕಟ್ಟೆಯ ಜನರು ಚಳವಳಿ ಹೂಡಿದರು. ಅಗ್ಗದ ತೈಲದ ಲೆಕ್ಕದಲ್ಲಿ ಅವರ ಉಸಿರಿನ ಬಾಬನ್ನೂ ಬರೆಯಬೇಕಷ್ಟೆ.

2020ರ ಏಪ್ರಿಲ್ 1ರಿಂದ ಭಾರತ್ ಹಂತ 6ರ ನಿಯಮದಂತೆ ಡೀಸೆಲಿನ ಹತ್ತು ಲಕ್ಷ ಭಾಗದಲ್ಲಿ ಗಂಧಕ 10 ಭಾಗವನ್ನು ಮೀರಕೂಡದು. ಹಿಂದಿನ ಹಂತದಲ್ಲಿ ಅದು 50 ಇದ್ದಿತು. ಇದಕ್ಕೊಂದು ಸ್ವಾರಸ್ಯಕರವಾದ ಕಾರಣವಿದೆ. ಹೊಸ ಲಾರಿಗಳ ಹೊಗೆಕೊಳವೆಯಲ್ಲಿಯೂ ಹೊಗೆಯನ್ನು ಶುದ್ಧಿಗೊಳಿಸುವ ಮತ್ತೊಂದು ಕ್ರಿಯಾವರ್ಧಕವಿರುತ್ತದೆ. ಗಂಧಕವು ಅದಕ್ಕೆ ವಿಷ.