ತೆರೆಯ ಹಿಂದಿನ ಸಾಲುಗಳು

ಪ್ರಶ್ನೆ: ನನ್ನ ಲಿನಕ್ಸ್ ಕಂಪ್ಯೂಟರು ಆರಂಭದಲ್ಲೇ ಲಾಂಛನವನ್ನು ತೋರಿಸುತ್ತ ನಿಂತುಬಿಡುತ್ತದೆ. ಒಳಗೇನು ನಡೆಯುತ್ತಿದೆಯೆಂದು ನೋಡುವುದೆಂತು?

ಉತ್ತರ: ಆ ಲಾಂಛನವು ಒಂದು ತೆರೆ ಮಾತ್ರ, ಅದರ ಹಿಂದೆ ವ್ಯವಸ್ಥೆಯ ತಿರುಳಾದ ಕರ್ನಲ್, ತಾನು ಕಂಡ ಡಿಸ್ಕು, ಮೆಮೊರಿ, ಕೀಬೋರ್ಡು ಮೊದಲಾದುವನ್ನು ಕುರಿತು ಒಂದೇ ಸಮನೆ ವರದಿ ಒಪ್ಪಿಸುತ್ತಲೇ ಇರುತ್ತದೆ. ಉಬುಂಟುವಿನಂಥ ವ್ಯವಸ್ಥೆಗಳಲ್ಲಿ ಎಸ್ಕೇಪ್ ಕೀಲಿಯನ್ನೊತ್ತಿದರೆ ಸಾಮಾನ್ಯವಾಗಿ ತೆರೆ ಸರಿಯುವುದು. ಸರಿಯದ ಪಕ್ಷದಲ್ಲಿ, ಆರಂಭದ ಆಯ್ಕೆಗಳನ್ನು ತೋರಿಸುವ ಗ್ರಬ್ ಪಟ್ಟಿ ಕಾಣಿಸಿಕೊಂಡೊಡನೆ 'ಇ' ಅಕ್ಷರವನ್ನೊತ್ತಿ, 'ಲಿನಕ್ಸ್' ಎಂದಾರಂಭವಾಗುವ ಸಾಲಿನಲ್ಲಿರುವ 'ಕ್ವಾಯಟ್', 'ಸ್ಪ್ಲ್ಯಾಶ್' ಎಂಬೆರಡು ಪದಗಳನ್ನು ಅಳಿಸಿ, ಎಫ್10 ಒತ್ತತಕ್ಕದ್ದು. ಈ ತಿದ್ದುಪಡಿ ಆ ಒಂದು ಸಲಕ್ಕೆ ಮಾತ್ರ ಅನ್ವಯಿಸುವುದರಿಂದ ಭಯಕ್ಕೆ ಕಾರಣವಿಲ್ಲ.

ಅನಂತರ ಧಾವಿಸುವ ಸಾಲುಗಳಲ್ಲಿ, ಚೌಕ ಆವರಣದೊಳಗಿನ ಅಂಕೆಗಳು ಕರ್ನಲ್ ಎಚ್ಚೆತ್ತಂದಿನಿಂದ ಸಂದ ಸೆಕೆಂಡುಗಳು. ಹಸುರು 'ಓಕೆ'ಗಳನ್ನು ದಾಟಿ, ಕೆಂಪು 'ಫೇಲ್ಡ್' ಇರುವೆಡೆ ದೃಷ್ಟಿ ನಿಲ್ಲಿಸಬೇಕು. ಆದರೂ ಕೆಂಪಾದುದೆಲ್ಲ ಮಾರಕವಲ್ಲವೆಂಬುದನ್ನು ಮರೆಯಲಾಗದು. ಯಾವುದೋ ಡಿಸ್ಕಿಗಾಗಿ 1 ನಿಮಿಷ 30 ಸೆಕೆಂಡುಗಳ ಗಡುವಿನೊಡನೆ ಕಾಯುತ್ತಿರುವ ಸಾಲು ಕಂಡರೆ, ಎಂದೋ ತೆಗೆದುಹಾಕಿದ ಡಿಸ್ಕಿನ ಉಲ್ಲೇಖವು, ಆರಂಭದಲ್ಲಿ ಜೋಡಿಸಬೇಕಾದ ಡಿಸ್ಕುಗಳನ್ನು ಪಟ್ಟಿಮಾಡುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಇನ್ನೂ ಉಳಿದಿದೆಯೇ ಎಂದು ಮೊದಲು ಪರೀಕ್ಷಿಸುವುದು ಯುಕ್ತ. ಸಾಲುಗಳು ಕಣ್ಣಿಗೆ ನಿಲುಕದಷ್ಟು ವೇಗವಾಗಿ ಸರಿದುಹೋದರೆ, ಯಂತ್ರವು ಹೇಗೋ ಆರಂಭವಾದ ಬಳಿಕ 'ಜರ್ನಲ್‌ಸಿಟಿಎಲ್ -ಬಿ -1' ಎಂಬ ಆಜ್ಞೆಯು, ದಾಖಲೆಯನ್ನು ಡಿಸ್ಕಿನಲ್ಲಿ ಉಳಿಸುವ ಏರ್ಪಾಡಿದ್ದಲ್ಲಿ, ಹಿಂದಿನ ಸಲದ ವರದಿಯನ್ನು ಸಾವಧಾನವಾಗಿ ಓದಗೊಡುತ್ತದೆ.