ಎಲುಬಿಗೆ ಅಪ್ಪಣೆಯೀಯುವ ಪ್ರೋಟೀನು

ಎರಡು ಹೆಗಲುಗಳನ್ನೂ ಮುಂದಕ್ಕೆ ತಂದು ಗದ್ದದ ಕೆಳಗೆ ಒಂದಕ್ಕೊಂದು ತಾಗಿಸಬಲ್ಲ ಮನುಷ್ಯರು ವಿರಳವಾಗಿಯಾದರೂ ಲೋಕದಲ್ಲಿ ಉಂಟು. ಇದು ಯೋಗಾಭ್ಯಾಸದ ಸಿದ್ಧಿಯಲ್ಲ. ಹೆಗಲನ್ನು ಎದೆಗೂಡಿನಿಂದ ದೂರ ಹಿಡಿದಿರಬೇಕಾದ ಕೊರಳೆಲುಬು ಅವರಲ್ಲಿ ಅರೆಬರೆಯಾಗಿ ಬೆಳೆದಿರುತ್ತದೆ, ಇಲ್ಲವೆ ಹುಟ್ಟಿನಿಂದಲೇ ಇರುವುದಿಲ್ಲ. ಸಾಮಾನ್ಯ ಶಿಶುಗಳಲ್ಲಿ ಎರಡು ವರ್ಷಗಳೊಳಗೆ ಕೂಡಿಕೊಳ್ಳುವ ನೆತ್ತಿಯು ಇವರಲ್ಲಿ ಬಹುಕಾಲ, ಒಮ್ಮೊಮ್ಮೆ ಜೀವಮಾನವೆಲ್ಲ, ತೆರೆದೇ ಉಳಿಯುವುದು, ಹಾಲುಹಲ್ಲುಗಳು ಬೀಳಲೊಲ್ಲವು, ಅವುಗಳ ಹಿಂದೆ ದವಡೆಯೊಳಗೆ ಲೆಕ್ಕಕ್ಕೆ ಮೀರಿದ ಹಲ್ಲುಗಳು ಹುಟ್ಟಿ, ಹೊರಬರಲಾರದೆ ಹುದುಗಿರುವುವು. ಪ್ಯಾರಿಸಿನ ವೈದ್ಯರಾದ ಪಿಯೇರ್ ಮಾರಿ ಮತ್ತು ಪೋಲ್ ಸ್ಯಾಂತೋನ್ ಇವರು 1898ರಲ್ಲಿ ಈ ಲಕ್ಷಣಗಳೆಲ್ಲ ಒಂದೇ ಆನುವಂಶಿಕ ವ್ಯಾಧಿಯ ಅಂಗಗಳೆಂದು ನಿರೂಪಿಸಿದರು. ಕ್ಲೈಡೋಕ್ರೇನಿಯಲ್ ಡಿಸ್‌ಪ್ಲೇಸಿಯ ಎಂಬುದು ಅದಕ್ಕೆ ಇಂದು ಸಲ್ಲುವ ಹೆಸರು.

ವಂಶದಲ್ಲಿ ಇದು ಹರಿದುಬರುವ ಬಗೆ ನಿಚ್ಚಳವಾದುದು: ತಾಯಿತಂದೆಗಳಲ್ಲಿ ಒಬ್ಬರಿಗೆ ದೋಷವಿದ್ದರೆ ಪ್ರತಿ ಮಗುವಿಗೂ ಅದು ತಗಲುವ ಸಂಭವ ಅರ್ಧಕ್ಕರ್ಧ. ದಕ್ಷಿಣ ಆಫ್ರಿಕಕ್ಕೆ ವಲಸೆ ಬಂದು, ಏಳು ಪತ್ನಿಯರನ್ನು ವರಿಸಿದ ಚೀನೀ ಪುರುಷನೊಬ್ಬನ ಸಂತತಿಯನ್ನು ಜ್ಯಾಕ್ಸನ್ ಎಂಬ ಸಂಶೋಧಕರು ಅರಸುತ್ತ ಹೋಗಿ, ಪತ್ತೆಯಾದ 356 ಮಂದಿಯಲ್ಲಿ 70 ಮಂದಿಗೆ ಆತನ ಶಿರೋಲಕ್ಷಣ ಬಂದಿರುವುದನ್ನು 1951ರಲ್ಲಿ ಪ್ರಕಟಿಸಿದರು. ಇಷ್ಟೆಲ್ಲ ತಿಳಿದಿದ್ದರೂ ದೋಷದ ಮೂಲವೆಲ್ಲಿ ಎಂಬ ಪ್ರಶ್ನೆ ಮತ್ತೂ ಸುಮಾರು ಅರ್ಧ ಶತಮಾನ ಹಾಗೆಯೇ ಉಳಿಯಿತು. ಕೊನೆಗೆ ಉತ್ತರ ಬಂದುದರಲ್ಲಿ ಎಲುಬನ್ನು ನೆನೆಯದೆ ಬೇರೇನನ್ನೋ ಹುಡುಕುತ್ತಿದ್ದವರ ಕೈಯೂ ಇತ್ತು.

ಎಲುಬನ್ನು ನಾವು ಜಡವಾದ ಆಧಾರವೆಂದು ಭಾವಿಸುವೆವು. ವಾಸ್ತವದಲ್ಲಿ ಅದು ಹಗಲಿರುಳು ಕಟ್ಟಲ್ಪಡುತ್ತ, ಕರಗಿಸಲ್ಪಡುತ್ತ ಇರುವ ಜೀವಂತ ಧಾತು. ಕಟ್ಟುವ ಕೋಶಗಳಿಗೆ ಆಸ್ಟಿಯೋಬ್ಲಾಸ್ಟ್ ಎಂದೂ ಕರಗಿಸುವ ಕೋಶಗಳಿಗೆ ಆಸ್ಟಿಯೋಕ್ಲಾಸ್ಟ್ ಎಂದೂ ಹೆಸರು. ಕಟ್ಟುವ ಕೋಶಗಳ ಪೂರ್ವಜರು ಹುಟ್ಟಿನಿಂದಲೇ ಎಲುಬಿಗೆ ಮೀಸಲಾದವರಲ್ಲ. ಒಂದೇ ರಾಗಿಹಿಟ್ಟು ರೊಟ್ಟಿಯೂ ಮುದ್ದೆಯೂ ಆಗುವಂತೆ, ಆ ಒಂದೇ ಮೂಲಕೋಶವು ಸಂದರ್ಭಾನುಸಾರ ಕೊಬ್ಬಿನ ಕೋಶವಾಗಬಹುದು, ಮೃದ್ವಸ್ಥಿಯ ಕೋಶವಾಗಬಹುದು, ಎಲುಬು ಕಟ್ಟುವ ಕೋಶವೂ ಆಗಬಹುದು. ಎಲ್ಲದರಲ್ಲಿಯೂ ಇರುವ ವಂಶವಾಹಿಗಳು ಅವೇ. ಯಾವುದು ಎಚ್ಚರಗೊಂಡಿತು, ಯಾವುದು ನಿದ್ರಿಸಿತು ಎಂಬುದರಲ್ಲಿ ಮಾತ್ರ ವ್ಯತ್ಯಾಸ. ಹೀಗೆ ಎಚ್ಚರಿಸುವ ಕಾರ್ಯ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎಂಬ ಪ್ರೋಟೀನುಗಳದು. ಅವು ಡಿಎನ್‌ಎಯ ಮೇಲೆ ತಮಗೆ ಗುರುತಿರುವ ಕೆಲವೇ ಅಕ್ಷರಗಳ ಸ್ಥಳವನ್ನು ಹಿಡಿದು ಕುಳಿತು, ಪಕ್ಕದ ವಂಶವಾಹಿಯ ನಕಲು ತೆಗೆಯುವ ಕೆಲಸವನ್ನು ಚುರುಕುಗೊಳಿಸುವುವು ಅಥವಾ ತಡೆಯುವುವು.

ಇಂಥ ಪ್ರೋಟೀನುಗಳಲ್ಲಿ ರಂಕ್ಸ್-2 ಒಂದು. ಹಣ್ಣಿನ ನೊಣದಲ್ಲಿ ಮೊದಲು ಕಂಡ ರಂಟ್ ಎಂಬ ವಂಶವಾಹಿಯ ಬಂಧುವಾದ ಇದು ಬಿಳಿಯ ರಕ್ತಕಣಗಳ ಒಂದು ವರ್ಗಕ್ಕೆ, ಟಿ ಲಿಂಫೋಸೈಟುಗಳಿಗೆ, ಸಂಬಂಧಿಸಿದುದೆಂದು 1990ರ ದಶಕದಲ್ಲಿ ಗಣಿಸಲಾಗಿತ್ತು. ಜಪಾನಿನ ಕೊಮೊರಿ ಮತ್ತು ಸಂಗಡಿಗರು ಈ ವಂಶವಾಹಿಯನ್ನು ಇಲಿಗಳಲ್ಲಿ ನಾಶಗೊಳಿಸಿ ನೋಡಿದಾಗ ಮರಿಗಳು ಹುಟ್ಟಿದೊಡನೆಯೇ ಉಸಿರಾಡಲಾರದೆ ಸತ್ತುವು. ಅವುಗಳ ಶರೀರದಲ್ಲಿ ಅಸ್ಥಿಪಂಜರದ ಆಕಾರವೆಲ್ಲ ಇದ್ದಿತು, ಆದರೆ ಮೃದ್ವಸ್ಥಿಯ ರೂಪದಲ್ಲಿ. ಗಟ್ಟಿಯಾದ ಎಲುಬು ಒಂದು ತುಣುಕೂ ಇರಲಿಲ್ಲ. ಮೆತ್ತನೆಯ ಪಕ್ಕೆಗಳು ಎದೆಯನ್ನು ಹಿಗ್ಗಿಸಲಾರದೆ ಹೋದುವು. ಇದೇ ಫಲವನ್ನು ಲಂಡನ್ನಿನ ಮತ್ತೊಂದು ತಂಡವೂ ಕಂಡಿತು. ಅಮೆರಿಕದ ಹ್ಯೂಸ್ಟನ್ನಿನಲ್ಲಿ ಡ್ಯೂಸಿ, ಕಾರ್ಸೆಂಟಿ ಮೊದಲಾದವರು ಆಸ್ಟಿಯೋಕ್ಯಾಲ್ಸಿನ್ ಎಂಬ ಎಲುಬಿನ ಪ್ರೋಟೀನನ್ನು ಎಚ್ಚರಿಸುವುದು ಯಾವುದೆಂದು ಹುಡುಕುತ್ತ ಬಂದು ಇದೇ ರಂಕ್ಸ್-2ರ ಬಾಗಿಲಲ್ಲಿ ನಿಂತರು. ಮುಂಡ್ಲೋಸ್ ಮತ್ತು ಸಹೋದ್ಯೋಗಿಗಳು ಕೊರಳೆಲುಬಿಲ್ಲದ ರೋಗಿಗಳಲ್ಲಿ ಕೆಟ್ಟಿರುವುದು ಆರನೆಯ ಕ್ರೋಮೋಸೋಮಿನ ಮೇಲಿರುವ ಈ ವಂಶವಾಹಿಯೇ ಎಂದು ತೋರಿಸಿಕೊಟ್ಟರು. ನಾಲ್ಕು ಪ್ರಬಂಧಗಳೂ 1997ರ ಮೇ ತಿಂಗಳಲ್ಲಿ 'ಸೆಲ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಅಚ್ಚಾದುವು. ಬೇರೆ ಬೇರೆ ಹಾದಿಗಳಿಂದ ಹೊರಟವರು ಒಂದೇ ಗಳಿಗೆಯಲ್ಲಿ ಒಂದೇ ಊರನ್ನು ಸೇರುವುದು ವಿಜ್ಞಾನದಲ್ಲಿ ನಾವು ಎಣಿಸುವಷ್ಟು ಅಪರೂಪವೇನೂ ಅಲ್ಲ. ಆದರೂ ಇಷ್ಟು ಅಚ್ಚುಕಟ್ಟಾದ ಸಮಾಗಮ ಮೇಲಿಂದ ಮೇಲೆ ಕಾಣಸಿಗದು.

ನನಗೆ ಹೆಚ್ಚು ಕುತೂಹಲಕರವಾಗಿ ತೋರುವುದು, ಈ ರೋಗಿಗಳಲ್ಲಿ ರಂಕ್ಸ್-2 ಪೂರ್ಣವಾಗಿ ಇಲ್ಲವಾಗಿಲ್ಲವೆಂಬುದು. ಹೆಚ್ಚುಕಡಿಮೆ ಪ್ರತಿ ವಂಶವಾಹಿಯೂ ನಮ್ಮಲ್ಲಿ ಎರಡೆರಡು ಪ್ರತಿಗಳಾಗಿದ್ದು, ಬಹುತೇಕ ಸಂದರ್ಭಗಳಲ್ಲಿ ಒಂದು ಕೆಟ್ಟರೆ ಇನ್ನೊಂದು ಸಂಸಾರ ತೂಗಿಸುವುದು, ಇಲ್ಲಿ ಹಾಗಾಗದು. ಕೈಕಾಲುಗಳ ಉದ್ದೆಲುಬುಗಳು ಮೊದಲು ಮೃದ್ವಸ್ಥಿಯಾಗಿ ರೂಪುಗೊಂಡು ಆಮೇಲೆ ನಿಧಾನವಾಗಿ ಅಸ್ಥಿಯಾಗುವುವಷ್ಟೆ. ಅವಕ್ಕೆ ಅರ್ಧ ಪ್ರಮಾಣವೂ ಬಹುಮಟ್ಟಿಗೆ ಸಾಲುವಂತೆ ತೋರುತ್ತದೆ. ಆದರೆ ತಲೆಬುರುಡೆಯ ಮೇಲ್ಛಾವಣಿಯೂ ಕೊರಳೆಲುಬಿನ ಬಹುಭಾಗವೂ ಮೃದ್ವಸ್ಥಿಯ ಆ ಮಧ್ಯದ ಹಂತವನ್ನು ಬಿಟ್ಟು ನೇರವಾಗಿ ಎಲುಬಾಗತಕ್ಕವು. ಅದರಲ್ಲಿಯೂ ಕೊರಳೆಲುಬು ಭ್ರೂಣದಲ್ಲಿ ಎಲ್ಲಕ್ಕಿಂತ ಮೊದಲು, ಐದಾರನೆಯ ವಾರದಲ್ಲಿಯೇ, ಗಟ್ಟಿಯಾಗತೊಡಗುವುದು. ಪ್ರೋಟೀನಿನ ಕೊರತೆಯ ಪೆಟ್ಟು ಬೀಳುವುದು ಈ ಎಲುಬುಗಳಿಗೇ.

ಹಾಗೆಂದು ರಂಕ್ಸ್-2 ಹೆಚ್ಚಿದಷ್ಟೂ ಎಲುಬು ಬಲಿಯುವುದೆಂದು ತಿಳಿಯಬಾರದು. ಎಲುಬು ಕಟ್ಟುವ ಕೋಶಗಳಲ್ಲಿ ಇದನ್ನು ಮಿತಿಮೀರಿ ಉತ್ಪಾದಿಸುವಂತೆ ಮಾಡಿದ ಇಲಿಗಳಲ್ಲಿ ಎಲುಬು ಗಟ್ಟಿಯಾಗುವುದರ ಬದಲು ಸೊರಗಿ, ಮುರಿಯತೊಡಗಿತು. ಕೋಶಗಳು ಎಳೆಯ ಅವಸ್ಥೆಯಲ್ಲಿಯೇ ನಿಂತುಬಿಟ್ಟಿದ್ದುವು. ಕೋಶವನ್ನು ಎಲುಬಿನ ಹಾದಿಗೆ ಹಚ್ಚುವುದು ರಂಕ್ಸ್-2ರ ಕೆಲಸ. ಮುಂದೆ ಆಸ್ಟರಿಕ್ಸ್ ಎಂಬ ಇನ್ನೊಂದು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಅದನ್ನು ಕೈಹಿಡಿದು ನಡೆಸಬೇಕು. ಕೋಶವು ಪೂರ್ಣವಾಗಿ ಬಲಿಯುವ ಹೊತ್ತಿಗೆ ರಂಕ್ಸ್-2 ತಾನಾಗಿ ಹಿಂದೆ ಸರಿಯಬೇಕು. ಈ ವಂಶವಾಹಿಯ ಹೆಚ್ಚುವರಿ ಪ್ರತಿಗಳನ್ನು ಹೊತ್ತು ಹುಟ್ಟಿದ ಕೆಲವು ಶಿಶುಗಳಲ್ಲಿ ತಲೆಬುರುಡೆಯ ಹೊಲಿಗೆಗಳು ಅಕಾಲದಲ್ಲಿ ಬೆಸೆದುಕೊಂಡದ್ದೂ ವರದಿಯಾಗಿದೆ.

ರಂಕ್ಸ್-2ರ ಹೆಸರು ಮಾನವವಿಕಾಸದ ಚರ್ಚೆಯಲ್ಲಿಯೂ ಬಂದುದುಂಟು. 2010ರಲ್ಲಿ ಪೇಬೊ ಎಂಬ ಸಂಶೋಧಕರು ಮತ್ತು ಅವರ ಸಹಚರರು ನಿಯಾಂಡರ್ತಾಲ್ ಮಾನವನ ಜೀನೋಮಿನ ಕರಡನ್ನು ಪ್ರಕಟಿಸಿದಾಗ, ನಮ್ಮ ಕವಲು ಬೇರೆಯಾದ ಮೇಲೆ ನಿಸರ್ಗದ ಆಯ್ಕೆಗೆ ಒಳಗಾದಂತೆ ತೋರುವ ಪ್ರದೇಶಗಳಲ್ಲಿ ರಂಕ್ಸ್-2 ಇರುವ ಭಾಗವೂ ಒಂದೆಂದು ಕಂಡುಬಂದಿತು. ನಿಯಾಂಡರ್ತಾಲರ ಹಣೆಯ ಉಬ್ಬೂ ಗಂಟೆಯಾಕಾರದ ಎದೆಗೂಡೂ ಹೆಗಲ ರಚನೆಯೂ ನಮ್ಮವಕ್ಕಿಂತ ಭಿನ್ನವಾಗಿದ್ದುದಕ್ಕೆ ಇದು ಒಂದು ಕಾರಣವಿರಬಹುದೆಂದು ಅವರು ಸೂಚಿಸಿದರು. ಊಹೆ ಆಕರ್ಷಕವಾದುದು, ಆದರೆ ಮೂರು ಅಂಗಗಳ ಆಕಾರವನ್ನು ಒಂದೇ ವಂಶವಾಹಿಯ ತಲೆಗೆ ಕಟ್ಟಲು ಇಷ್ಟೇ ಆಧಾರ ಸಾಲದೆಂದು ನನ್ನ ಭಾವನೆ.