ಸೋಯಾ: ಹಿತವೆಷ್ಟು, ಮಿತವೆಷ್ಟು?

'ಮಾತ್ರೆ' ಎಂಬ ಮಾತಿಗೆ ಕನ್ನಡದಲ್ಲಿ ಒಂದಕ್ಕಿಂತ ಹೆಚ್ಚು ಅರ್ಥಗಳಿವೆ. ಛಂದಸ್ಸನ್ನು ಓದಿದವರಿಗೆ ಅದು ಒಂದು ಹ್ರಸ್ವಾಕ್ಷರವನ್ನು ಉಚ್ಚರಿಸಲು ಹಿಡಿಯುವ ಕಾಲ. ಔಷಧದ ಅಂಗಡಿಗೆ ಹೋದವರಿಗೆ ಅದು ನುಂಗುವ ಗುಳಿಗೆ. ಎರಡಕ್ಕೂ ಮೂಲವಾಗಿರುವುದು 'ಅಳತೆ' ಎಂಬ ಅರ್ಥ. ಆಹಾರದ ವಿಚಾರದಲ್ಲಿ ನಮ್ಮ ಹಿಂದಿನವರು ಈ ಮಾತನ್ನು ಆ ಮೂಲಾರ್ಥದಲ್ಲಿಯೇ ಬಳಸಿದರು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ 'ಮಾತ್ರಾಶಿತೀಯ'ವೆಂಬ ಒಂದು ಅಧ್ಯಾಯವೇ ಉಂಟು. ಪದಾರ್ಥ ಲಘುವೋ ಗುರುವೋ ಎಂಬುದನ್ನೂ ಉಣ್ಣುವವನ ಜಠರಾಗ್ನಿಯ ಬಲವೆಷ್ಟೆಂಬುದನ್ನೂ ನೋಡಿ ಊಟದ ಅಳತೆಯನ್ನು ನಿಶ್ಚಯಿಸಬೇಕೆಂಬುದು ಅಲ್ಲಿಯ ಅಭಿಪ್ರಾಯ. ಅಂದಮೇಲೆ ಒಂದು ಆಹಾರ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ ಪ್ರಶ್ನೆ ಅರ್ಧವಾಯಿತಷ್ಟೆ. 'ಯಾರಿಗೆ, ಎಷ್ಟು' ಎಂಬುದು ಉಳಿದರ್ಧ. ಸೋಯಾ ಅವರೆಯ ಮಟ್ಟಿಗೆ ಈ ಉಳಿದರ್ಧವನ್ನು ನಾವು ಮರೆತಂತೆ ತೋರುತ್ತದೆ.

ಸೋಯಾವನ್ನು ಕುರಿತು ಈಗ ಕೇಳಿಬರುವ ಮಾತುಗಳು ಎರಡೇ ಬಗೆಯವು. ಒಂದು ಪಕ್ಷದವರಿಗೆ ಅದು ಅಮೃತ: ಹೃದಯವನ್ನು ಕಾಯುತ್ತದೆ, ಮಾಂಸಖಂಡವನ್ನು ಬೆಳೆಸುತ್ತದೆ, ಎಷ್ಟು ತಿಂದರೂ ಲಾಭವೇ. ಇನ್ನೊಂದು ಪಕ್ಷದವರಿಗೆ ಅದು ವಿಷ: ಗಂಡಸರ ಗಂಡಸುತನವನ್ನು ಕಳೆಯುತ್ತದೆ, ಹೆಂಗಸರಿಗೆ ಅರ್ಬುದರೋಗವನ್ನು ತರುತ್ತದೆ. ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೂ ಈ ವಿಷಯವನ್ನು ಓದಿ, ಬಲ್ಲವರನ್ನು ಕೇಳಿ ತಿಳಿದುಕೊಳ್ಳಬೇಕಾದ ಸಂದರ್ಭವೊಂದು ಬಂತು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ತಾಲ್ಲೂಕು ಕೇಂದ್ರವೊಂದರಲ್ಲಿ ವಿದ್ಯಾರ್ಥಿನಿಲಯದ ಮೇಲ್ವಿಚಾರಕರಾಗಿದ್ದಾರೆ. ವಾರಕ್ಕೆರಡು ದಿನ ಹುಡುಗರ ಹುಳಿಗೋ ಪಲ್ಯಕ್ಕೋ ಅವರು ಮೀಲ್ ಮೇಕರ್ ಎಂದು ಅಂಗಡಿಗಳಲ್ಲಿ ದೊರೆಯುವ ಸೋಯಾ ಉಂಡೆಗಳನ್ನು ಹಾಕಿಸುತ್ತಿದ್ದರು. ಯಾರೋ ಏನೋ ಹೇಳಿದರೆಂದು ಹುಡುಗರು ಅದನ್ನು ತಟ್ಟೆಯ ಅಂಚಿಗೆ ಸರಿಸತೊಡಗಿದರು. 'ಅದನ್ನು ನಿಲ್ಲಿಸಿ ಆಲೂಗಡ್ಡೆ ಹಾಕಿಸಿದ್ದೇನೆ, ಸಾರ್, ಮಾಡಿದ್ದು ಸರಿಯೇ?' ಎಂದು ಅವರು ನನಗೆ ಬರೆದರು. ಅಲ್ಲಿಯ ಹುಡುಗರಲ್ಲಿ ಹೆಚ್ಚಿನವರು ಕೂಲಿಕಾರರ ಮಕ್ಕಳು. ಮನೆಯಲ್ಲಿ ಅನ್ನ ಮುದ್ದೆಗಳಿಗೆ ಕೊರತೆಯಿಲ್ಲದಿದ್ದರೂ ಬೇಳೆಗೆ ಕೊರತೆ. ನೂರು ಗ್ರಾಂ ಆಲೂಗಡ್ಡೆಯಲ್ಲಿರುವ ಪ್ರೋಟೀನು ಸುಮಾರು 2 ಗ್ರಾಂ. ನೂರು ಗ್ರಾಂ ಒಣ ಸೋಯಾ ಉಂಡೆಯಲ್ಲಿ ಸುಮಾರು 50 ಗ್ರಾಂ. ಒಂದು ವದಂತಿ ಬೆಳೆಯುವ ಮಕ್ಕಳ ತಟ್ಟೆಯಿಂದ ಏನನ್ನು ತೆಗೆಯಿತೆಂಬುದನ್ನು ಈ ಎರಡು ಅಂಕಿಗಳೇ ಹೇಳುತ್ತವೆ.

ಸೋಯಾ ನಮಗೆ ತೀರ ಹೊಸದೇನೂ ಅಲ್ಲ. ಅದರ ತವರು ಚೀನಾ. ಅಲ್ಲಿಯವರು ಬಹು ಪ್ರಾಚೀನ ಕಾಲದಿಂದ ಅದನ್ನು ಬೆಳೆದು ತಿಂದವರು. ನಮ್ಮ ದೇಶದಲ್ಲಿಯೂ ಕುಮಾಊ ಬೆಟ್ಟಗಳಲ್ಲಿ ಕಪ್ಪು ಸೋಯಾವನ್ನು 'ಭಟ್' ಎಂಬ ಹೆಸರಿನಿಂದ ಬೇಳೆಯಂತೆ ಬೇಯಿಸಿ ಉಣ್ಣುವುದು ಹಳೆಯ ವಾಡಿಕೆ. ಈಶಾನ್ಯದಲ್ಲಿ ಅದನ್ನು ಹುದುಗೆಬ್ಬಿಸಿ ತಿನ್ನುತ್ತಾರೆ: ನಾಗಾಲ್ಯಾಂಡಿನ ಅಖುನಿ, ಮಣಿಪುರದ ಹವಾಯಿಜಾರ್, ಸಿಕ್ಕಿಮಿನ ಕಿನೆಮಾ ಎಲ್ಲವೂ ಸೋಯಾದವೇ. 1935ರಲ್ಲಿ ಗಾಂಧೀಜಿಯವರು ವಾರ್ಧಾದ ಮಗನವಾಡಿಯಲ್ಲಿ ಅದನ್ನು ಊಟಕ್ಕೆ ಸೇರಿಸಿ ನೋಡಿ, 'ಹರಿಜನ' ಪತ್ರಿಕೆಯಲ್ಲಿ ಅದರ ವಿಚಾರವಾಗಿ ಬರೆದರು. ಬಡವರಿಗೆ ಕಡಿಮೆ ಖರ್ಚಿನಲ್ಲಿ ಪುಷ್ಟಿಯಾದ ಆಹಾರ ದೊರೆಯಬೇಕೆಂಬುದು ಅವರ ಹಂಬಲ. 1960ರ ದಶಕದಲ್ಲಿ ಪಂತನಗರ ಮತ್ತು ಜಬಲಪುರದ ಕೃಷಿ ವಿಶ್ವವಿದ್ಯಾಲಯಗಳು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸಹಕಾರದಿಂದ ಹಳದಿ ಸೋಯಾ ತಳಿಗಳನ್ನು ಪರೀಕ್ಷಿಸಿದ ಮೇಲೆ ಅದು ಮಧ್ಯಪ್ರದೇಶದಲ್ಲಿ ಬಹುವಾಗಿ ಹಬ್ಬಿತು. ನಮ್ಮ ಬೀದರ, ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿಯೂ ಇಂದು ಅದು ಮುಂಗಾರಿನ ಮುಖ್ಯ ಬೆಳೆ. ಆದರೆ ಬೆಳೆದ ಕಾಳಿನ ಬಹುಪಾಲು ಗಾಣಕ್ಕೆ ಹೋಗುತ್ತದೆ. ಎಣ್ಣೆ ನಮ್ಮ ಒಗ್ಗರಣೆಗೆ, ಪ್ರೋಟೀನು ತುಂಬಿದ ಹಿಂಡಿ ಕೋಳಿಗಳಿಗೆ. ಬೆಳೆದವನ ಮನೆಯ ಹುಳಿಗೆ ಅದು ಬರುವುದು ಅಪರೂಪ.

ಸೋಯಾ ಎಂಬ ಹೆಸರು ಹೊತ್ತದ್ದೆಲ್ಲ ಒಂದೇ ಎಂದು ತಿಳಿಯಬಾರದು. ಸೋಯಾ ಎಣ್ಣೆಯಲ್ಲಿ ಪ್ರೋಟೀನು ಇಲ್ಲ. ಅದು ಉಳಿದ ಎಣ್ಣೆಗಳಂತೆ ಒಂದು ಎಣ್ಣೆ. ಸೋಯಾ ಸಾಸ್ ಎಂಬುದು ಹೆಸರಿಗೆ ಸೋಯಾ, ವಾಸ್ತವದಲ್ಲಿ ಉಪ್ಪು: ಒಂದು ದೊಡ್ಡ ಚಮಚದಲ್ಲಿ 2 ಗ್ರಾಮಿಗೂ ಹೆಚ್ಚು ಉಪ್ಪಿರುತ್ತದೆ. ದಿನಕ್ಕೆ ಒಟ್ಟು ಉಪ್ಪು 5 ಗ್ರಾಮಿಗಿಂತ ಕಡಿಮೆಯಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವಾಗ ಇದು ಅಲ್ಪವಲ್ಲ. ಊಟದ ಅಳತೆಯ ಮಾತಿನಲ್ಲಿ ಸೋಯಾ ಎಂದರೆ ಇಡೀ ಕಾಳು, ಅದರ ಹಿಟ್ಟು, ಎಣ್ಣೆ ತೆಗೆದ ಹಿಟ್ಟಿನಿಂದ ಮಾಡಿದ ಉಂಡೆ, ಹಾಲು, ಆ ಹಾಲನ್ನು ಒಡೆದು ಮಾಡಿದ ತೋಫು ಎಂಬ ಗಿಣ್ಣು; ಇಷ್ಟೆ.

ಇನ್ನು ಲೆಕ್ಕಕ್ಕೆ ಬರೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಪ್ರಕಟಿಸಿದ ಪ್ರಮಾಣದಂತೆ ವಯಸ್ಕರಿಗೆ ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಬೇಕು. 65 ಕಿಲೋ ತೂಗುವ ಗಂಡಸಿಗೆ ಸುಮಾರು 54 ಗ್ರಾಂ, 55 ಕಿಲೋ ತೂಗುವ ಹೆಂಗಸಿಗೆ ಸುಮಾರು 46 ಗ್ರಾಂ. ಅದೇ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ 2,000 ಕ್ಯಾಲೊರಿಯ ಊಟಕ್ಕೆ 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 300 ಮಿಲಿಲೀಟರು ಹಾಲು ಅಥವಾ ಮೊಸರು ಹೇಳಿದೆ. ಮಾಂಸಾಹಾರಿಗಳಿಗೆ ಮೊಟ್ಟೆ ಮಾಂಸಗಳು ಈ ಬೇಳೆಯ ಪಾಲಿನಲ್ಲಿಯೇ ಸೇರಿವೆ. ಧಾನ್ಯದಿಂದ ಇಪ್ಪತ್ತರಷ್ಟು, ಬೇಳೆಯಿಂದ ಇಪ್ಪತ್ತರ ಸಮೀಪ, ಹಾಲಿನಿಂದ ಹತ್ತರ ಸಮೀಪ ಗ್ರಾಂ ಪ್ರೋಟೀನು ಬಂದು, ಕಡಲೆಕಾಯಿ ಮುಂತಾದವು ಸ್ವಲ್ಪ ಕೂಡಿಕೊಂಡರೆ ಲೆಕ್ಕ ಸರಿಹೋಗುತ್ತದೆ.

ಈ ಲೆಕ್ಕದಲ್ಲಿ ಸೋಯಾದ ಸ್ಥಾನ ಯಾವುದು? ಬೇಳೆಯ ಸ್ಥಾನವೇ. ಸಂಸ್ಕೃತದಲ್ಲಿ 'ಸೂಪ' ಎಂದರೆ ಬೇಯಿಸಿದ ಬೇಳೆಯ ರಸ, ಅಡುಗೆಯವನು ಸೂಪಕಾರ, ಕನ್ನಡದಲ್ಲಿ ಮಂಗರಸ 16ನೆಯ ಶತಮಾನದ ಆರಂಭದಲ್ಲಿ ಅಡುಗೆಯನ್ನು ಕುರಿತು ಬರೆದ ಗ್ರಂಥ 'ಸೂಪಶಾಸ್ತ್ರ'. ಅಡುಗೆಯ ವಿದ್ಯೆಗೇ ಬೇಳೆಯ ಹೆಸರಿಟ್ಟ ಪರಂಪರೆ ನಮ್ಮದು. ಆ ಬೇಳೆಯ ಕುಲಕ್ಕೆ ಸೇರಿದ್ದೇ ಸೋಯಾ. ತೊಗರಿ, ಕಡಲೆ, ಹೆಸರುಗಳಲ್ಲಿ ನೂರಕ್ಕೆ 20ರಿಂದ 25 ಪಾಲು ಪ್ರೋಟೀನು ಇದ್ದರೆ ಸೋಯಾದಲ್ಲಿ 36ರಿಂದ 40 ಪಾಲು ಇದೆ, ಜೊತೆಗೆ 20ರಷ್ಟು ಜಿಡ್ಡೂ ಇದೆ. ಅಕ್ಕಿ ಗೋಧಿಗಳಲ್ಲಿ ಕಡಿಮೆಯಾಗಿರುವ ಲೈಸಿನ್ ಎಂಬ ಅಂಶ ಸೋಯಾದಲ್ಲಿ ಯಥೇಚ್ಛವಾಗಿದೆ. ಸೋಯಾದಲ್ಲಿ ಕಡಿಮೆಯಿರುವ ಮೆಥಿಯೊನಿನ್ ಧಾನ್ಯಗಳಲ್ಲಿದೆ. ಅನ್ನ ಬೇಳೆಗಳ ಹಳೆಯ ದಾಂಪತ್ಯವೇ ಇಲ್ಲಿಯೂ.

ಆದುದರಿಂದ ನನಗೆ ಸಮ್ಮತವಾಗಿ ಕಂಡ ಅಳತೆ ಇದು: ದಿನದ 85 ಗ್ರಾಂ ಬೇಳೆಕಾಳಿನಲ್ಲಿ 25ರಿಂದ 30 ಗ್ರಾಂ ಸೋಯಾ ಆಗಬಹುದು. ಎಂದರೆ ಒಂದು ಹಿಡಿ ಒಣಕಾಳು, ಇಲ್ಲವೆ ನೆನೆದಾಗ ಒಂದು ಬಟ್ಟಲು ತುಂಬುವಷ್ಟು ಉಂಡೆ, ಇಲ್ಲವೆ ನೂರು ಗ್ರಾಂ ತೋಫು. ಇವುಗಳಿಂದ ದೊರೆಯುವ ಪ್ರೋಟೀನು ಸುಮಾರು 8ರಿಂದ 15 ಗ್ರಾಂ. ಸೋಯಾವನ್ನು ತಲೆಮಾರುಗಳಿಂದ ತಿಂದುಬಂದಿರುವ ಜಪಾನಿನ ಹಿರಿಯರ ಊಟದಲ್ಲಿಯೂ ದಿನಕ್ಕೆ ಸರಾಸರಿ 6ರಿಂದ 11 ಗ್ರಾಂ ಸೋಯಾ ಪ್ರೋಟೀನು ಇರುತ್ತದೆಂದು ಲೆಕ್ಕಹಾಕಿದ್ದಾರೆ. ಅವರೂ ಅದನ್ನು ಮೀನು, ಅನ್ನ, ಸೊಪ್ಪುಗಳ ನಡುವೆ ಒಂದು ಪದಾರ್ಥವಾಗಿ ತಿಂದವರೇ ಹೊರತು ಅದೊಂದನ್ನೇ ತಿಂದವರಲ್ಲ. ನಮ್ಮಲ್ಲಿ ಪ್ರತಿದಿನ ತಿನ್ನಲೇಬೇಕೆಂಬ ನಿಯಮವೂ ಇಲ್ಲ. ಹುರುಳಿ, ಹೆಸರು, ಅವರೆ, ಅಲಸಂದೆಗಳ ನಾಡಿನಲ್ಲಿ ವಾರಕ್ಕೆ ಎರಡು ಮೂರು ದಿನ ಅದು ಸರದಿಯಲ್ಲಿ ಬಂದರೆ ಸಾಕು.

ಅಳತೆಯಷ್ಟೇ ಮುಖ್ಯವಾದದ್ದು ಪಾಕ. ಹಸಿಯ ಸೋಯಾ ಕಾಳಿನಲ್ಲಿ ಟ್ರಿಪ್ಸಿನ್ ಎಂಬ ಜೀರ್ಣಕಾರಿ ಕಿಣ್ವವನ್ನು ತಡೆಯುವ ಅಂಶವಿದೆ. 1917ರಲ್ಲಿಯೇ ಆಸ್ಬರ್ನ್ ಮತ್ತು ಮೆಂಡೆಲ್ ಎಂಬ ಅಮೆರಿಕದ ವಿಜ್ಞಾನಿಗಳು, ಹಸಿ ಸೋಯಾ ತಿಂದ ಇಲಿಗಳು ಸರಿಯಾಗಿ ಬೆಳೆಯವು, ಬೇಯಿಸಿದ್ದನ್ನು ತಿಂದವು ಬೆಳೆಯುತ್ತವೆ ಎಂದು ತೋರಿಸಿದರು. ಕಾಳನ್ನು ರಾತ್ರಿಯೆಲ್ಲ ನೆನೆಯಿಟ್ಟು, ಆ ನೀರನ್ನು ಚೆಲ್ಲಿ, ಕುದಿಯುವ ನೀರಿಗೆ ಹಾಕಿ ಚೆನ್ನಾಗಿ ಬೇಯಿಸಬೇಕು. ಹಾಗೆ ಮಾಡಿದರೆ ಹಸಿವಾಸನೆ ಹುಟ್ಟಿಸುವ ಕಿಣ್ವ ನಾಶವಾಗುತ್ತದೆ, ಹೊಟ್ಟೆಯುಬ್ಬರವೂ ತಗ್ಗುತ್ತದೆ. ಚಪಾತಿಗೆಂದು ಹಿಟ್ಟು ಮಾಡಿಸುವವರು ಕಾಳನ್ನು ಬೇಯಿಸಿ ಒಣಗಿಸಿದ ಮೇಲೆಯೇ ಬೀಸಿಸಬೇಕು. ಒಂಬತ್ತು ಪಾಲು ಗೋಧಿಗೆ ಒಂದು ಪಾಲು ಸೋಯಾ ಹದವಾದ ಬೆರಕೆ. ಉಂಡೆಗಳನ್ನು ಬಿಸಿನೀರಿನಲ್ಲಿ ನೆನೆಸಿ, ಎರಡು ಬಾರಿ ಹಿಂಡಿ, ಮಸಾಲೆಯಲ್ಲಿ ಬೇಯಿಸಿದರೆ ಮಕ್ಕಳೂ ಬೇಡವೆನ್ನರು.

ಈಗ ಆ ಹುಡುಗರ ಭಯದ ವಿಚಾರ. ಅದಕ್ಕೆ ಬುಡವೇ ಇಲ್ಲವೆಂದಲ್ಲ. ಸೋಯಾದಲ್ಲಿ ಐಸೊಫ್ಲೇವೋನ್ ಎಂಬ ಸಸ್ಯಜನ್ಯ ವಸ್ತುಗಳಿವೆ. ಅವುಗಳ ರಚನೆ ಸ್ತ್ರೀ ಹಾರ್ಮೋನಾದ ಈಸ್ಟ್ರೊಜೆನ್ನನ್ನು ಸ್ವಲ್ಪ ಹೋಲುತ್ತದೆ. 1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯದ ಕುರಿಗಳು ಇಂಥ ವಸ್ತುಗಳು ತುಂಬಿದ ಕ್ಲೋವರ್ ಹುಲ್ಲನ್ನೇ ಮೇಯ್ದು ಗಬ್ಬ ಕಟ್ಟದೆ ಹೋದದ್ದುಂಟು. ದಿನಕ್ಕೆ ಸುಮಾರು ಮೂರು ಲೀಟರು ಸೋಯಾ ಹಾಲು ಕುಡಿಯುತ್ತಿದ್ದ ಅರವತ್ತು ವರ್ಷದ ಒಬ್ಬ ಗಂಡಸಿಗೆ ಎದೆ ಊದಿಕೊಂಡು, ಕುಡಿಯುವುದನ್ನು ಬಿಟ್ಟ ಮೇಲೆ ಗುಣವಾದ ಪ್ರಸಂಗವೂ 2008ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ಇಂಥವು ಬಾಯಿಂದ ಬಾಯಿಗೆ ಬರುವಾಗ 'ಮೂರು ಲೀಟರು' ಎಂಬ ಮಾತು ಉದುರಿಹೋಗಿ 'ಸೋಯಾ' ಎಂಬ ಮಾತೊಂದೇ ಉಳಿಯಿತು. ಆದರೆ ಹೋಲಿಕೆ ಇದ್ದ ಮಾತ್ರಕ್ಕೆ ಎರಡೂ ಒಂದೇ ಆಗವು. ಮನುಷ್ಯನ ದೇಹದಲ್ಲಿ ಐಸೊಫ್ಲೇವೋನುಗಳ ಪ್ರಭಾವ ಬಹಳ ದುರ್ಬಲ. ಗಂಡಸರ ಮೇಲೆ ನಡೆದ 41 ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪರಿಶೀಲಿಸಿದಾಗ, ಸೋಯಾ ಸೇವನೆಯಿಂದ ಪುರುಷ ಹಾರ್ಮೋನು ಕುಗ್ಗಿದ್ದಾಗಲಿ ಸ್ತ್ರೀ ಹಾರ್ಮೋನು ಹೆಚ್ಚಿದ್ದಾಗಲಿ ಕಂಡುಬರಲಿಲ್ಲ. ಸ್ತನದ ಅರ್ಬುದಕ್ಕೆ ಚಿಕಿತ್ಸೆ ಪಡೆದ ಶಾಂಘಾಯಿಯ 5,000ಕ್ಕೂ ಹೆಚ್ಚು ಮಹಿಳೆಯರನ್ನು ಅನುಸರಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೋಯಾ ಆಹಾರವನ್ನು ಹೆಚ್ಚು ತಿಂದವರಲ್ಲಿ ರೋಗ ಮರುಕಳಿಸಿದ್ದು ಕಡಿಮೆಯೇ. ಇದು ಊಟದ ಸೋಯಾದ ಮಾತು. ಅದರ ಸಾರವನ್ನು ಗುಳಿಗೆ ಮಾಡಿ ಮಾರುವುದನ್ನು ರೋಗಿಗಳು ವೈದ್ಯರನ್ನು ಕೇಳದೆ ನುಂಗಬಾರದು.

ಹೊಗಳಿಕೆಯನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು. ದಿನಕ್ಕೆ 25 ಗ್ರಾಂ ಸೋಯಾ ಪ್ರೋಟೀನು ಹೃದ್ರೋಗದ ಅಪಾಯವನ್ನು ತಗ್ಗಿಸಬಹುದೆಂದು ಪೊಟ್ಟಣಗಳ ಮೇಲೆ ಅಚ್ಚುಹಾಕಲು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 1999ರಲ್ಲಿ ಅನುಮತಿ ಕೊಟ್ಟಿತು. 2017ರಲ್ಲಿ ತಾನೇ ಆ ಅನುಮತಿಯನ್ನು ಹಿಂತೆಗೆಯುವ ಪ್ರಸ್ತಾವ ಮುಂದಿಟ್ಟಿತು. ಅಮೆರಿಕದ ಹೃದಯ ಸಂಘ 2006ರಲ್ಲಿ ಪರಿಶೀಲಿಸಿ, ಬಹಳವಾಗಿ ಸೋಯಾ ತಿಂದರೂ ಕೆಟ್ಟ ಕೊಲೆಸ್ಟೆರಾಲು ಇಳಿಯುವುದು ನೂರಕ್ಕೆ ಮೂರರಷ್ಟು ಮಾತ್ರವೆಂದು ಹೇಳಿತು. ಲಾಭ ಉಂಟು, ಪವಾಡವಿಲ್ಲ. ವ್ಯಾಯಾಮಶಾಲೆಯ ತರುಣರು ಡಬ್ಬದ ಪುಡಿಯನ್ನು ದಿನಕ್ಕೆ ನಾಲ್ಕು ಸಲ ಕಲಸಿ ಕುಡಿಯಲು ಇದರಲ್ಲಿ ಆಧಾರವೇನೂ ಇಲ್ಲ.

ಕೆಲವರು ಎಚ್ಚರವಹಿಸಬೇಕು. ಥೈರಾಯ್ಡಿಗೆ ಗುಳಿಗೆ ತೆಗೆದುಕೊಳ್ಳುವವರು ಅದನ್ನು ಸೋಯಾದ ಜೊತೆಗೆ ನುಂಗಬಾರದು. ಔಷಧ ರಕ್ತಕ್ಕೆ ಸೇರುವುದು ಕುಂಠಿತವಾಗುತ್ತದೆ. ಕೆಲವು ಗಂಟೆಗಳ ಅಂತರವಿಡಬೇಕು, ಎಷ್ಟೆಂಬುದನ್ನು ವೈದ್ಯರಿಂದ ತಿಳಿಯಬೇಕು. ಮೂತ್ರಪಿಂಡ ದುರ್ಬಲವಾದವರಿಗೆ ಎಲ್ಲ ಪ್ರೋಟೀನಿಗೂ ಮಿತಿಯುಂಟು. ಸೋಯಾ ಒಗ್ಗದೆ ಮೈಮೇಲೆ ಗಂಧೆ ಏಳುವವರು ಅದನ್ನು ಮುಟ್ಟಲೇಬಾರದು. ವರ್ಷ ತುಂಬದ ಕೂಸಿಗೆ ತಾಯಿಯ ಹಾಲಿನ ಬದಲು ಅಂಗಡಿಯ ಸೋಯಾ ಹಾಲು ಕೊಡುವುದು ಅಪಾಯ. ಹಸುವಿನ ಹಾಲು ಬಿಟ್ಟು ಸೋಯಾ ಹಾಲು ಹಿಡಿದವರು, ಸುಣ್ಣದ ಅಂಶವನ್ನೂ ಬಿ-12 ಜೀವಸತ್ತ್ವವನ್ನೂ ಸೇರಿಸಿದ್ದಾರೆಯೇ ಎಂದು ಪೊಟ್ಟಣವನ್ನು ಓದಿ ನೋಡಬೇಕು.

ಇಷ್ಟನ್ನು ತಿಳಿದುಕೊಂಡ ಮೇಲೆ ನನ್ನ ವಿದ್ಯಾರ್ಥಿಗೆ ಉತ್ತರ ಬರೆದೆ. 'ಉಂಡೆಗಳನ್ನು ಮತ್ತೆ ಹಾಕಿಸಿರಿ. ತಲೆಗೆ 25 ಗ್ರಾಂ, ವಾರಕ್ಕೆ ಎರಡೇ ದಿನ. ಉಳಿದ ದಿನಗಳಲ್ಲಿ ಬೇಳೆ ತೆಳುವಾಗದಂತೆ ನೋಡಿಕೊಳ್ಳಿರಿ. ಅದಕ್ಕೂ ಮೊದಲು ಹುಡುಗರನ್ನು ಕೂಡಿಸಿ ಈ ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿರಿ' ಎಂದೆ. ಬಡಿಸಿದ್ದನ್ನು ಬಾಯಿ ಮುಚ್ಚಿ ತಿನ್ನಿರೆಂದು ಗದರಿಸುವುದಕ್ಕಿಂತ, ಏಕೆ ಬಡಿಸಿದೆವೆಂದು ಹೇಳುವುದು ಮಕ್ಕಳಿಗೆ ನಾವು ತೋರಬೇಕಾದ ಮರ್ಯಾದೆ.

ಛಂದಸ್ಸಿನಲ್ಲಿ ಒಂದು ಮಾತ್ರೆ ಹೆಚ್ಚಾದರೂ ಸಾಲು ಕೆಡುತ್ತದೆ, ಕಡಿಮೆಯಾದರೂ ಕೆಡುತ್ತದೆ; ತಪ್ಪು ಅಕ್ಷರದ್ದಲ್ಲ, ಲೆಕ್ಕದ್ದು. ಊಟ ಅಷ್ಟು ಬಿಗಿಯಾದ ಕಟ್ಟಲ್ಲ, ಸ್ವಲ್ಪ ಹೆಚ್ಚುಕಡಿಮೆಯನ್ನು ದೇಹ ಸಹಿಸುತ್ತದೆ. ಆದರೂ ಡಬ್ಬಗಟ್ಟಲೆ ಸೋಯಾ ತಿನ್ನುವವರೂ, ಅದರ ಹೆಸರೆತ್ತಿದರೆ ಬೆಚ್ಚುವವರೂ ಲೆಕ್ಕವನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಬೇಳೆಯ ಡಬ್ಬಗಳ ಸಾಲಿನಲ್ಲಿ ಸೋಯಾಕ್ಕೂ ಒಂದು ಡಬ್ಬ ಇರಲಿ. ಅದರಿಂದ ತೆಗೆಯುವುದು ಒಂದು ಹಿಡಿ ಇರಲಿ.

(ಬಾನುಲಿ ಭಾಷಣ)